ಸುಲಿಯುವ ಯಂತ್ರ ಉಳಿಸಿದ ಕೂಲಿ ಯಾರ ಪಾಲಾಯಿತು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಮದುವೆಯಾಗಿ ಬಂದಾಗಿನಿಂದ ಸುಗ್ಗಿಯಲ್ಲಿ ಮನೆಮನೆಗೆ ಹೋಗಿ ಅಡಿಕೆ ಸುಲಿದು, ಉಳಿದ ದಿನ ತೋಟದ ಕೆಲಸ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದೆ. ಈಗ ಊರಿಗೆ ಸುಲಿಯುವ ಯಂತ್ರ ಬಂದಿದೆ. ಹತ್ತು ಹನ್ನೆರಡು ಹೆಂಗಸರು ಕೂರುತ್ತಿದ್ದ ಅಂಗಳದಲ್ಲಿ ಈಗ ಮೂವರಿದ್ದರೆ ಸಾಕು. ಮಗ ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಬಿಲ್ಲುಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸದಲ್ಲಿ ಮೂರು ವರ್ಷ ಇದ್ದ. ಇನ್ನು ಮುಂದೆ ಅದನ್ನು ಕಂಪ್ಯೂಟರೇ ಓದಿಕೊಳ್ಳುತ್ತದೆ ಎಂದು ಹೋದ ತಿಂಗಳು ಅವನನ್ನೂ ಜೊತೆಯವರನ್ನೂ ಬಿಡಿಸಿದರು. ತಾಯಿಯ ಕೆಲಸವೂ ಹೋಯಿತು, ಮಗನ ಕೆಲಸವೂ ಹೋಯಿತು. ಆದರೆ ತೋಟದ ಯಜಮಾನರು ‘ಆಳೇ ಸಿಗುವುದಿಲ್ಲ’ ಎನ್ನುತ್ತಾರೆ, ಟಿವಿಯಲ್ಲಿ ದೇಶ ಶ್ರೀಮಂತವಾಗುತ್ತಿದೆ ಎನ್ನುತ್ತಾರೆ. ಪ್ರಪಂಚದಲ್ಲಿ ಎಲ್ಲ ಕಡೆಯೂ ಹೀಗೆಯೇ? ಮಗಳು ಈ ವರ್ಷ ಪಿಯುಸಿ. ಅವಳಿಗೆ ಏನು ಓದಿಸಿದರೆ ಯಂತ್ರ ಕಿತ್ತುಕೊಳ್ಳುವುದಿಲ್ಲ?

ಉತ್ತರ: ನಿಮ್ಮ ಕೆಲಸವನ್ನು ಯಂತ್ರ ಕಸಿದುಕೊಂಡಿತು ಎಂಬುದು ನಿಜ. ಅದನ್ನು ಮುಚ್ಚಿಡುವ ಮಾತು ನನ್ನಲ್ಲಿಲ್ಲ. ಅರ್ಥಶಾಸ್ತ್ರ ಓದಿದವರು ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಹೇಳುವುದು, ಹಳೆಯ ಕೆಲಸ ಹೋದರೆ ಹೊಸ ಕೆಲಸ ಹುಟ್ಟುತ್ತದೆ, ಇನ್ನೂರು ವರ್ಷಗಳ ಇತಿಹಾಸವೇ ಇದಕ್ಕೆ ಸಾಕ್ಷಿ ಎಂದು. ಒಟ್ಟು ಲೆಕ್ಕದಲ್ಲಿ ಅದು ಸರಿ. ಆದರೆ ಹೊಸ ಕೆಲಸ ಹುಟ್ಟುವುದು ಎಲ್ಲೋ ದೂರದ ನಗರದಲ್ಲಿ, ಇಪ್ಪತ್ತೆರಡು ವರ್ಷದ ಯಾರಿಗೋ. ಹಳೆಯದು ಹೋದದ್ದು ಹೊಸನಗರದ ಒಂದು ಅಂಗಳದಲ್ಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತು ಮಕ್ಕಳನ್ನು ಓದಿಸಿದ ತಾಯಿಯ ಕೈಯಿಂದ. ಎರಡನ್ನೂ ಒಂದೇ ಪುಟದಲ್ಲಿ ಕೂಡಿ ಕಳೆದು ‘ಒಟ್ಟಿನಲ್ಲಿ ನಷ್ಟವಿಲ್ಲ’ ಎಂದು ಷರಾ ಬರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಹಾಗೆಂದು ಯಂತ್ರ ಹೆಚ್ಚಿದ ಕಡೆಯಲ್ಲೆಲ್ಲ ಜನ ಕೆಲಸವಿಲ್ಲದೆ ಕುಳಿತಿದ್ದಾರೆಯೇ? ಇಲ್ಲ. ದಕ್ಷಿಣ ಕೊರಿಯಾದ ಕಾರ್ಖಾನೆಗಳಲ್ಲಿ 2023ರ ಲೆಕ್ಕದಂತೆ ಪ್ರತಿ 10,000 ಕೆಲಸಗಾರರಿಗೆ 1,012 ರೋಬೋಟ್‌ಗಳಿದ್ದವು. ಪ್ರಪಂಚದ ಸರಾಸರಿ 162. ಅಷ್ಟು ರೋಬೋಟ್‌ಗಳಿರುವ ಆ ದೇಶದಲ್ಲಿ ನಿರುದ್ಯೋಗ ಶೇ 3ರ ಆಸುಪಾಸಿನಲ್ಲಿದೆ. ರೋಬೋಟ್‌ಗಳು ಅಪರೂಪವಾಗಿರುವ ದಕ್ಷಿಣ ಆಫ್ರಿಕಾದಲ್ಲಿ ನಿರುದ್ಯೋಗ ಶೇ 30ನ್ನು ಮೀರಿದೆ. ಅಲ್ಲಿ ಜನರ ಕೆಲಸ ತಿಂದದ್ದು ಯಂತ್ರವಲ್ಲ. ವರ್ಣಭೇದದ ಆಡಳಿತ ಕಪ್ಪು ಜನರನ್ನು ಒಳ್ಳೆಯ ಭೂಮಿಯಿಂದಲೂ ಒಳ್ಳೆಯ ಶಾಲೆಯಿಂದಲೂ ದೂರವಿಟ್ಟು, ಕೆಲಸ ಇರುವ ನಗರಗಳಿಂದಾಚೆಗೆ ನೆಲೆಸುವಂತೆ ಮಾಡಿತು. ಆ ಆಡಳಿತ ಹೋಗಿ ಮೂವತ್ತು ವರ್ಷ ಕಳೆದರೂ ಅದರ ಏಟು ಮಾಯಲಿಲ್ಲ. ಆದ್ದರಿಂದ ‘ಯಂತ್ರ ಬಂತು, ಕೆಲಸ ಹೋಯಿತು’ ಎಂಬಲ್ಲಿಗೆ ಲೆಕ್ಕ ನಿಲ್ಲಿಸಬಾರದು. ಯಂತ್ರ ಉಳಿಸಿದ ಹಣ ಯಾರ ಕೈಗೆ ಹೋಯಿತು, ಕೆಲಸ ಕಳೆದುಕೊಂಡವರನ್ನು ಯಾರು ಹಿಡಿದುಕೊಂಡರು ಎಂಬುದನ್ನೂ ಕೇಳಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಇಂಗ್ಲೆಂಡಿನಿಂದ ಶುರು ಮಾಡುತ್ತೇನೆ, ಏಕೆಂದರೆ ‘ಇನ್ನೂರು ವರ್ಷಗಳ ಸಾಕ್ಷಿ’ ಅಲ್ಲಿಯದೇ. 1811ರಲ್ಲಿ ನಾಟಿಂಗ್‌ಹ್ಯಾಮ್ ಸುತ್ತಿನ ಕಾಲುಚೀಲ ಹೆಣೆಯುವವರು ರಾತ್ರಿ ಹೊತ್ತು ಮಾಲೀಕರ ಮಗ್ಗಗಳನ್ನು ಸುತ್ತಿಗೆಯಿಂದ ಒಡೆಯತೊಡಗಿದರು. ಮರುವರ್ಷ ಅಲ್ಲಿನ ಸಂಸತ್ತು ಮಗ್ಗ ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯ್ದೆ ತಂದಿತು. ಅವರನ್ನು ಲಡ್ಡೈಟರು ಎಂದು ಕರೆದು, ಪ್ರಗತಿ ಅರ್ಥವಾಗದ ದಡ್ಡರೆಂದು ಇಂದಿಗೂ ಹೀಗಳೆಯುತ್ತಾರೆ. ಆದರೆ ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ ಕೂಡಿಸಿದ ಲೆಕ್ಕ ನೋಡಿ: 1780ರಿಂದ 1840ರವರೆಗೆ ಬ್ರಿಟನ್ನಿನಲ್ಲಿ ಒಬ್ಬೊಬ್ಬ ಕೆಲಸಗಾರನ ಉತ್ಪಾದನೆ ಶೇ 46ರಷ್ಟು ಏರಿತು, ನಿಜ ಕೂಲಿ, ಅಂದರೆ ಬೆಲೆ ಏರಿಕೆ ಕಳೆದು ನೋಡಿದ ಕೂಲಿ, ಏರಿದ್ದು ಶೇ 12 ಮಾತ್ರ. ಅರವತ್ತು ವರ್ಷ ಎಂದರೆ ಎರಡು ತಲೆಮಾರು. ಕೂಲಿ ಚೆನ್ನಾಗಿ ಏರಿದ್ದು ಆಮೇಲೆ. ಸಂಘ ಕಟ್ಟುವ ಹಕ್ಕು, ಮತದಾನದ ಹಕ್ಕು, ಕೆಲಸದ ವೇಳೆಯ ಮಿತಿ, ಮಕ್ಕಳಿಗೆ ಶಾಲೆ ಇವೆಲ್ಲ ಬಹುಪಾಲು ಆ ನಂತರದ ದಶಕಗಳಲ್ಲಿ ಒಂದೊಂದಾಗಿ, ಹೋರಾಡಿದ ಮೇಲೆಯೇ ಬಂದವು. ‘ಕೊನೆಗೆ ಎಲ್ಲ ಸರಿಹೋಯಿತು’ ಎನ್ನುವವರು ಆ ಅರವತ್ತು ವರ್ಷಗಳಲ್ಲಿ ಬದುಕಿ ಸತ್ತವರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಇಂಗ್ಲೆಂಡೂ ಬೇಕಾಗಿಲ್ಲ. ನಿಮ್ಮ ಪಕ್ಕದ ತಾಲ್ಲೂಕಿನಲ್ಲೇ ಕಾಗೋಡು ಇದೆ. 1951ರಲ್ಲಿ ಅಲ್ಲಿನ ಗೇಣಿದಾರರು ತಿರುಗಿ ನಿಂತದ್ದಕ್ಕೆ ಮುಖ್ಯ ಕಾರಣ ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಮನೆಯ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದಿತ್ತು. ಅದೇ ಗದ್ದೆ, ಅದೇ ಮಳೆ, ಅದೇ ಬೆವರು. ಅಳೆಯುವ ಪಾತ್ರೆ ಯಾರದು ಎಂಬುದರ ಮೇಲೆ ಯಾರ ಕಣಜ ತುಂಬುತ್ತದೆ ಎಂಬುದು ತೀರ್ಮಾನವಾಗುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದು ತಕ್ಷಣ ಗೆದ್ದ ಹೋರಾಟವಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಗಿ ಗೇಣಿದಾರರ ಮನೆ ಬಾಗಿಲಿಗೆ ಬರಲು ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ಆಗಲೂ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತೇ ಹೊರತು, ಬರೀ ಕೂಲಿ ಮಾಡುತ್ತಿದ್ದ ಕುಟುಂಬಗಳಲ್ಲಿ ಬಹುಪಾಲು ಹಾಗೆಯೇ ಉಳಿದವು. ಬಹುಶಃ ನಿಮ್ಮದೂ ಅಂಥ ಒಂದು ಕುಟುಂಬವಿರಬಹುದು.

ಈಗ ನಿಮ್ಮ ಅಂಗಳಕ್ಕೆ ಬರೋಣ. ಸುಲಿಯುವ ಯಂತ್ರ ಬಂದ ಮೇಲೆ ಒಂದು ಕ್ವಿಂಟಲ್ ಅಡಿಕೆಗೆ ಬೀಳುವ ಸುಲಿತದ ಖರ್ಚು ಇಳಿಯಿತು. ಆ ಉಳಿತಾಯದ ಒಂದು ಪಾಲು ಯಂತ್ರ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರಿಗೆ, ಇನ್ನೊಂದು ಪಾಲು ತೋಟದವರಿಗೆ, ಸ್ವಲ್ಪ ವಿದ್ಯುತ್ತಿಗೂ ರಿಪೇರಿಗೂ ಹೋಗುತ್ತದೆ. ನಿಮಗೆ ಬಂದದ್ದು ಸೊನ್ನೆ. ಯಂತ್ರಕ್ಕೆ ಅಡಿಕೆ ಸುರಿಯುವ, ಸರಿಯಾಗಿ ಸುಲಿಯದ್ದನ್ನು ಆರಿಸಿ ಮತ್ತೆ ಕೈಯಲ್ಲಿ ಸುಲಿಯುವ ಕೆಲಸ ಉಳಿದಿದೆ, ಅದಕ್ಕೆ ಮೂವರು ಸಾಕು. ಇದರಲ್ಲಿ ತೋಟದವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಒಂದು ಎರಡು ಎಕರೆಯ ತೋಟದವರು ಕೊಳೆ, ಎಲೆಚುಕ್ಕಿ, ಹಳದಿ ಎಲೆ ರೋಗಗಳ ನಡುವೆ, ವಾರಕ್ಕೊಮ್ಮೆ ಕುಣಿಯುವ ಧಾರಣೆಯ ನಡುವೆ ಬದುಕುತ್ತಿದ್ದಾರೆ. ಅವರಿಗೂ ಆ ಉಳಿತಾಯ ಬೇಕು. ನೆರೆಯವರಿಬ್ಬರನ್ನು ಎದುರುಬದುರು ನಿಲ್ಲಿಸಿ ಜಗಳವಾಡಿಸಿದರೆ ಲಾಭ ಮೂರನೆಯವರಿಗೇ.

‘ಆಳು ಸಿಗುವುದಿಲ್ಲ’ ಎಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಕೆಲಸವಿಲ್ಲದವರು ಮತ್ತು ಕೆಲಸಗಾರರಿಲ್ಲದವರು ಒಂದೇ ಊರಿನಲ್ಲಿರುವುದು ವಿಚಿತ್ರವಾಗಿ ಕಂಡರೂ ಅದರಲ್ಲಿ ಒಗಟೇನಿಲ್ಲ. ಕೊನೆ (ಅಡಿಕೆಯ ಗೊಂಚಲು) ತೆಗೆಯುವುದು, ಮಳೆಗಾಲದಲ್ಲಿ ಮರ ಹತ್ತಿ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವುದು ವರ್ಷದ ಕೆಲವು ತಿಂಗಳ ಕೆಲಸ. ಜಾರುವ ಮರ, ಸೊಂಟ ಮುರಿದರೆ ಜೀವನಪೂರ್ತಿ ಮಂಚ. ಬಹುಪಾಲು ಕೊನೆಗಾರರಿಗೆ ವಿಮೆಯಿಲ್ಲ, ನಿವೃತ್ತಿವೇತನವಿಲ್ಲ. ಕೊನೆಗಾರನ ಮಗ ಆ ಕೆಲಸ ಬೇಡವೆಂದು ಪದವಿ ಓದಿ ಪಟ್ಟಣದಲ್ಲಿ ಅಲೆಯುತ್ತಾನೆ. ತೋಟಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯ ಹುಡುಗರು ಬರುತ್ತಾರೆ, ಅವರು ಬಾರದ ವರ್ಷ ಕಾರ್ಬನ್ ಫೈಬರ್ ದೋಟಿ ಬರುತ್ತದೆ. ನೆಲದ ಮೇಲೆ ನಿಂತು ಕೊನೆ ಇಳಿಸುವ ಆ ದೋಟಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಜೀವ ತೆಗೆಯುವ ಕೆಲಸವನ್ನು ಯಂತ್ರವೋ ಉಪಕರಣವೋ ವಹಿಸಿಕೊಂಡರೆ ಅದಕ್ಕೆ ಅಳಬೇಕಾಗಿಲ್ಲ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಿಕೊಟ್ಟು ಮಲೆನಾಡಿನ ತೋಟಗಳನ್ನು ಉಳಿಸಿದ. ಅದನ್ನು ಮರದ ತುದಿಗೆ ಏರಿಸಿದ ಕೊನೆಗಾರರಿಗೆ ಆ ಉಳಿದ ತೋಟದಲ್ಲಿ ಪಾಲೇನು ಸಿಕ್ಕಿತು ಎಂದು ಕೇಳಿದವರು ಕಡಿಮೆ.

ಮಗನ ವಿಷಯ ಬೇರೆ. ಹೆಚ್ಚು ಕಳವಳಪಡಬೇಕಾದದ್ದು ಅದೇ. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಓಸ್‌ಬೋರ್ನ್ ಎಂಬಿಬ್ಬರು ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದು ಅಂದಾಜಿಸಿದಾಗ ಪ್ರಪಂಚವೆಲ್ಲ ಬೆಚ್ಚಿತು. ಮೂರು ವರ್ಷದ ನಂತರ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಗಾಗಿ ನಡೆದ ಅಧ್ಯಯನ ಅದನ್ನು ಶೇ 9 ಎಂದಿತು. ಇಷ್ಟು ಅಂತರ ಏಕೆಂದರೆ ಮೊದಲಿನವರು ಇಡೀ ಉದ್ಯೋಗವನ್ನೇ ಲೆಕ್ಕಕ್ಕೆ ಹಿಡಿದರು, ನಂತರದವರು ಉದ್ಯೋಗದೊಳಗಿನ ಒಂದೊಂದು ಕೆಲಸವನ್ನು ಬಿಡಿಸಿ ನೋಡಿದರು. ಗುಮಾಸ್ತರು ಬಿಲ್ ತುಂಬುವುದರ ಜೊತೆಗೆ ತಪ್ಪು ಬಿಲ್ ಕಳುಹಿಸಿದ ವ್ಯಾಪಾರಿಗೆ ಫೋನ್ ಮಾಡುತ್ತಾರೆ, ಸಾಲ ಕೇಳಲು ಬಂದವರ ಮುಖ ನೋಡಿ ಅಳೆಯುತ್ತಾರೆ. ಯಂತ್ರ ಒಂದು ಭಾಗ ತೆಗೆದುಕೊಂಡರೆ ಉಳಿದ ಭಾಗ ಬೆಳೆಯಬಹುದು. ಅಮೆರಿಕದ ಬ್ಯಾಂಕುಗಳಲ್ಲಿ ಎಟಿಎಂ ಬಂದಾಗ ಆದದ್ದು ಹೀಗೆಯೇ. 1988ರಿಂದ 2004ರ ನಡುವೆ ನಗರದ ಒಂದು ಶಾಖೆಗೆ ಬೇಕಾದ ಕೌಂಟರ್ ಗುಮಾಸ್ತರು 20ರಿಂದ 13ಕ್ಕೆ ಇಳಿದರು, ಆದರೆ ಶಾಖೆ ನಡೆಸುವ ಖರ್ಚು ಇಳಿದದ್ದರಿಂದ ನಗರದ ಶಾಖೆಗಳು ಶೇ 43ರಷ್ಟು ಹೆಚ್ಚಿದವು. ಗುಮಾಸ್ತರ ಒಟ್ಟು ಸಂಖ್ಯೆ ಕುಸಿಯಲಿಲ್ಲ. ಈ ಉದಾಹರಣೆಯನ್ನು ಹೇಳುವವರು ಅದರ ಮುಂದಿನ ಅಧ್ಯಾಯವನ್ನು ಬಿಡುತ್ತಾರೆ: ಮೊಬೈಲಿನಲ್ಲೇ ಬ್ಯಾಂಕು ಬಂದ ಮೇಲೆ ಶಾಖೆಗಳೂ ಮುಚ್ಚತೊಡಗಿದವು, ಗುಮಾಸ್ತರೂ ಕಡಿಮೆಯಾದರು.

ನಿಮ್ಮ ಮಗನ ಕೆಲಸದಲ್ಲಿ ಉಳಿದ ಭಾಗ ಎಂಬುದೇ ಇರಲಿಲ್ಲ. ಬಿಲ್ ನೋಡು, ತುಂಬು, ಮುಂದಿನದು ನೋಡು. ಈಗಿನ ಕೃತಕ ಬುದ್ಧಿಮತ್ತೆ ಮೊದಲು ಕೈ ಹಾಕಿರುವುದು ಇಂಥ ಕೆಲಸಕ್ಕೇ. ಹಿಂದಿನ ಯಂತ್ರಗಳು ತೋಳಿನ ಕೆಲಸ ಕಸಿದವು, ಇದು ಬರೆಯುವ, ನಮೂದಿಸುವ, ಉತ್ತರಿಸುವ ಕೆಲಸಕ್ಕೆ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಮಾಡಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯಕ್ಕೆ ತೆರೆದುಕೊಂಡದ್ದು ಗುಮಾಸ್ತಿಕೆಯ ಕೆಲಸ ಎಂದು ಕಂಡುಬಂತು. ಅಂಥ ಕೆಲಸದಲ್ಲಿ ಹೆಂಗಸರು ಹೆಚ್ಚಿರುವುದರಿಂದ ಏಟೂ ಅವರಿಗೇ ಹೆಚ್ಚು. ಅಂತರರಾಷ್ಟ್ರೀಯ ಹಣಕಾಸು ನಿಧಿ 2024ರ ಆರಂಭದಲ್ಲಿ ಪ್ರಪಂಚದ ಸುಮಾರು ಶೇ 40ರಷ್ಟು ಉದ್ಯೋಗಗಳನ್ನು, ಮುಂದುವರಿದ ದೇಶಗಳಲ್ಲಿ ಶೇ 60ರಷ್ಟನ್ನು ಇದು ಮುಟ್ಟುತ್ತದೆ ಎಂದಿತು. ಮುಟ್ಟುವುದೆಂದರೆ ಕಸಿಯುವುದೆಂದೇ ಅಲ್ಲ. ಕೆಲವರ ಕೈಗೆ ಅದು ಬಲ ಕೊಡುತ್ತದೆ. ಬಡ ಮನೆಯ ಮೊದಲ ಪದವೀಧರರು ಹಳ್ಳಿಯಿಂದ ನಗರಕ್ಕೆ ಏರುವ ಮೊದಲ ಮೆಟ್ಟಿಲು ಈ ಚಿಕ್ಕ ಗುಮಾಸ್ತಿಕೆಯೇ ಆಗಿತ್ತು. ಆ ಮೆಟ್ಟಿಲು ಅಲುಗಾಡುತ್ತಿದೆ ಎಂಬುದೇ ನನ್ನ ದೊಡ್ಡ ಚಿಂತೆ.

ನಮ್ಮ ದೇಶದ ಅಂಕಿಗಳೂ ಅದನ್ನೇ ಹೇಳುತ್ತವೆ. 2023-24ರ ಸರ್ಕಾರಿ ಸಮೀಕ್ಷೆಯಂತೆ ಭಾರತದ ನಿರುದ್ಯೋಗ ಶೇ 3.2. ಕೇಳಿದರೆ ಎಲ್ಲ ಚೆನ್ನಾಗಿದೆ ಅನಿಸುತ್ತದೆ. ಆದರೆ 15ರಿಂದ 29 ವಯಸ್ಸಿನವರಲ್ಲಿ ಅದು ಶೇ 10ನ್ನು ದಾಟುತ್ತದೆ. 2022ರ ಅಂಕಿಗಳನ್ನು ಆಧರಿಸಿದ ಭಾರತ ಉದ್ಯೋಗ ವರದಿಯ ಪ್ರಕಾರ ಪದವಿ ಪಡೆದ ಯುವಜನರಲ್ಲಿ ಶೇ 29.1, ಓದು ಬರಹ ಬಾರದ ಯುವಜನರಲ್ಲಿ ಶೇ 3.4. ಓದಿದವರಿಗೆ ಕೆಲಸ ಕಡಿಮೆ, ಓದದವರಿಗೆ ಹೆಚ್ಚು ಎಂದು ಇದನ್ನು ಓದಬೇಡಿ. ಓದದ ಬಡವರಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲವೇ ಇಲ್ಲ. ಅರ್ಧ ದಿನದ ಕೂಲಿಯಾದರೂ ಸಿಕ್ಕಿದ್ದನ್ನು ಮಾಡುತ್ತಾರೆ, ಸಮೀಕ್ಷೆಯಲ್ಲಿ ‘ಉದ್ಯೋಗಸ್ಥರು’ ಎಂದು ಲೆಕ್ಕವಾಗುತ್ತಾರೆ. ಸುಲಿತ ನಿಂತ ಮೇಲೆ ನೀವೂ ತೋಟದ ಕಳೆ ತೆಗೆಯಲು ಹೋಗಿದ್ದರೆ ಸರ್ಕಾರದ ಪುಸ್ತಕದಲ್ಲಿ ನೀವು ನಿರುದ್ಯೋಗಿಯಲ್ಲ. ನಿಮ್ಮ ಆದಾಯ ಇಳಿದದ್ದು ಆ ಅಂಕಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಯಂತ್ರವೇ ಎಲ್ಲಕ್ಕೂ ಕಾರಣ ಎನ್ನುವವರಿಗೆ ನಾನು ಭದ್ರಾವತಿಯನ್ನು ತೋರಿಸುತ್ತೇನೆ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1918ರಲ್ಲಿ ಹುಟ್ಟಿ 1923ರಲ್ಲಿ ಕುಲುಮೆ ಹೊತ್ತಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಇವೆರಡರ ಸುತ್ತ ಒಂದು ಪಟ್ಟಣವೇ ಬೆಳೆಯಿತು. ಅಪ್ಪನ ಹಿಂದೆ ಮಗ, ಕಾರ್ಖಾನೆಯ ಸೈರನ್ನಿಗೆ ಊರೇ ಏಳುತ್ತಿತ್ತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮಾರಲು ಹೊರಟು, ಕೊಳ್ಳುವವರು ಸಿಗದೆ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಮೊದಲು ಬೀದಿಗೆ ಬಿದ್ದವರು ಗುತ್ತಿಗೆ ಕಾರ್ಮಿಕರು, ಅವರು ದಿನಗಟ್ಟಲೆ ಧರಣಿ ಕುಳಿತರು. ಆಮೇಲೆ ಒಂದಿಷ್ಟು ಕೆಲಸ ಮತ್ತೆ ಶುರುವಾದರೂ ಹಳೆಯ ಭದ್ರಾವತಿ ಮರಳಲಿಲ್ಲ. ಇಲ್ಲಿ ರೋಬೋಟ್ ಬಂದು ಯಾರ ಕೆಲಸವನ್ನೂ ಕಸಿಯಲಿಲ್ಲ. ಸ್ವಂತ ಅದಿರಿನ ಗಣಿ ಉಳಿದಿರಲಿಲ್ಲ, ಕಾಲಕ್ಕೆ ತಕ್ಕ ಬಂಡವಾಳ ಬರಲಿಲ್ಲ, ಹಳೆಯ ಯಂತ್ರಗಳು ಹಳೆಯವಾಗಿಯೇ ಉಳಿದವು. ಹೊಸ ಯಂತ್ರ ಬಾರದೆ ಸತ್ತ ಕೆಲಸಗಳಿವು. ಅಮೆರಿಕದಲ್ಲೂ 1999ರಿಂದ 2011ರ ನಡುವೆ ಚೀನಾದ ಸರಕಿನ ಪೈಪೋಟಿಯಿಂದ 20 ಲಕ್ಷಕ್ಕೂ ಹೆಚ್ಚು ಕೆಲಸ ಹೋದವು ಎಂಬ ಅಂದಾಜಿದೆ. ಅಲ್ಲಿಯೂ ಏಟು ದೇಶಕ್ಕೆಲ್ಲ ಸಮನಾಗಿ ಬೀಳಲಿಲ್ಲ, ಒಂದೊಂದು ಕಾರ್ಖಾನೆಯನ್ನು ನಂಬಿದ್ದ ಊರುಗಳ ಮೇಲೆ ಬಿತ್ತು. ದಶಕ ಕಳೆದರೂ ಆ ಊರುಗಳು ಚೇತರಿಸಿಕೊಳ್ಳಲಿಲ್ಲ. ಜನ ಸುಲಭವಾಗಿ ಊರು ಬಿಟ್ಟು ಬೇರೆ ಕಡೆ ಹೋಗಿ ಬದುಕು ಕಟ್ಟಿಕೊಳ್ಳುತ್ತಾರೆ ಎಂದು ನಂಬಿದ್ದ ಅರ್ಥಶಾಸ್ತ್ರಜ್ಞರು ತಮ್ಮ ಪಾಠ ತಿದ್ದಿಕೊಳ್ಳಬೇಕಾಯಿತು.

‘ದೇಶ ಶ್ರೀಮಂತವಾಗುತ್ತಿದೆ’ ಎಂಬ ಮಾತಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಆಗುತ್ತಿರುವುದು ನಿಜ. 2022-23ರಲ್ಲಿ ಭಾರತದ ಒಟ್ಟು ಆದಾಯದ ಶೇ 22.6ರಷ್ಟು ಮೇಲಿನ ಶೇ 1 ಜನರ ಕೈಯಲ್ಲಿತ್ತು, ಸಂಪತ್ತಿನ ಶೇ 40.1ರಷ್ಟು ಅವರದೇ. ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಲೆಕ್ಕವಿದು. ಪ್ರಪಂಚದ ಲೆಕ್ಕ ಇನ್ನೂ ಕಠೋರ: 2021ರಲ್ಲಿ ಕೆಳಗಿನ ಅರ್ಧದಷ್ಟು ಜನರ ಬಳಿ ಇದ್ದದ್ದು ಒಟ್ಟು ಸಂಪತ್ತಿನ ಶೇ 2, ಮೇಲಿನ ಶೇ 10 ಜನರ ಬಳಿ ಶೇ 76. ಯಂತ್ರ ಇಲ್ಲಿ ಏನು ಮಾಡುತ್ತದೆಂದರೆ, ಕೂಲಿಯಾಗಿ ಹಂಚಿಹೋಗುತ್ತಿದ್ದ ಹಣವನ್ನು ಯಂತ್ರದ ಒಡೆಯರ ಲಾಭವಾಗಿ ತಿರುಗಿಸುತ್ತದೆ. ಒಡೆತನ ಕೆಲವರ ಕೈಯಲ್ಲೇ ಇದ್ದರೆ ಯಂತ್ರ ಹೆಚ್ಚಿದಷ್ಟೂ ಅಂತರ ಹಿಗ್ಗುತ್ತದೆ. 2024ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಡಾರೋನ್ ಅಸೆಮೊಗ್ಲು ಇನ್ನೊಂದು ಮಾತು ಹೇಳುತ್ತಾರೆ: ಕೆಲವು ಯಂತ್ರಗಳು ಕೆಲಸಗಾರರನ್ನು ಹೊರಹಾಕುತ್ತವೆ, ಆದರೆ ಉತ್ಪಾದನೆಯನ್ನು ಹೇಳಿಕೊಳ್ಳುವಷ್ಟು ಹೆಚ್ಚಿಸುವುದಿಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ಕೇಳಿಸಿಕೊಂಡು ಸುಸ್ತಾದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಒಬ್ಬರ ಸಂಬಳ ಉಳಿಯಿತು, ಆ ದುಡಿಮೆ ನಮ್ಮ ಮೇಲೆ ಬಿತ್ತು.

ಹಾಗಾದರೆ ಬೇರೆ ದಾರಿ ಹಿಡಿದವರು ಇದ್ದಾರೆಯೇ? ಇದ್ದಾರೆ. ಜರ್ಮನಿಯಲ್ಲಿ ರೋಬೋಟ್‌ಗಳು ಅಮೆರಿಕಕ್ಕಿಂತ ದಟ್ಟ. 1994ರಿಂದ 2014ರವರೆಗಿನ ಅಂಕಿ ನೋಡಿದ ಸಂಶೋಧಕರಿಗೆ ಅಲ್ಲಿ ಒಟ್ಟು ಕೆಲಸ ಕುಸಿದದ್ದು ಕಾಣಲಿಲ್ಲ. ಈಗಾಗಲೇ ಕೆಲಸದಲ್ಲಿದ್ದವರಲ್ಲಿ ಹೆಚ್ಚಿನವರು ಅದೇ ಕಂಪನಿಯಲ್ಲಿ ಬೇರೆ ಕೆಲಸಕ್ಕೆ ಸರಿದು ಉಳಿದರು. ಅಲ್ಲಿ 2,000ಕ್ಕಿಂತ ಹೆಚ್ಚು ಜನರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ಕೆಲಸಗಾರರ ಪ್ರತಿನಿಧಿಗಳದು, 1976ರಿಂದಲೂ ಕಾನೂನು ಹಾಗಿದೆ. ಹೊಸ ಯಂತ್ರ ತರುವ ತೀರ್ಮಾನವಾಗುವಾಗ ಅವರೂ ಮೇಜಿನ ಮುಂದೆ ಇರುತ್ತಾರೆ. ಆದರೆ ಆ ಅಧ್ಯಯನದಲ್ಲೇ ಇನ್ನೊಂದು ಸಂಗತಿಯಿದೆ: ಕಾರ್ಖಾನೆಗಳು ಹೊಸದಾಗಿ ಯುವಕರನ್ನು ಸೇರಿಸಿಕೊಳ್ಳುವುದನ್ನು ಕಡಿಮೆ ಮಾಡಿದವು. ಒಳಗಿದ್ದವರು ಉಳಿದರು, ಬಾಗಿಲಲ್ಲಿ ನಿಂತ ಮಕ್ಕಳಿಗೆ ಜಾಗ ಸಿಗಲಿಲ್ಲ. ಫಿನ್ಲೆಂಡ್ 2017 ಮತ್ತು 2018ರಲ್ಲಿ 2,000 ನಿರುದ್ಯೋಗಿಗಳಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿತು. ಹಣ ಬಂತೆಂದು ಅವರು ಸೋಮಾರಿಗಳಾಗಲಿಲ್ಲ, ಕೆಲಸ ಮಾಡಿದ ದಿನಗಳು ಒಂದಿಷ್ಟು ಹೆಚ್ಚೇ ಆದವು, ಮನಸ್ಸಿನ ನೆಮ್ಮದಿಯೂ ಹೆಚ್ಚಿತು.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ನಿಮ್ಮಂಥ ಮನೆಗಳಲ್ಲಿ ಎಷ್ಟು ಕೆಲಸ ಮಾಡುತ್ತದೆಂಬುದು ನಿಮಗೇ ಗೊತ್ತು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿಗೆ ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ. ಅದು ಹೊಸದಾಗಿ ಪಾಸಾಗಿ ಕೆಲಸ ಸಿಗದವರಿಗೆ. ಮೂರು ವರ್ಷ ದುಡಿದು ಕೆಲಸ ಕಳೆದುಕೊಂಡ ನಿಮ್ಮ ಮಗನಂಥವರನ್ನು ಹಿಡಿದುಕೊಳ್ಳುವ ಯೋಜನೆ ನಮ್ಮಲ್ಲಿ ಬಹಳ ತೆಳುವಾಗಿದೆ. ಆ ಖಾಲಿ ಜಾಗವನ್ನು ತುಂಬಿ ಎಂದು ನಾವು ಗಟ್ಟಿಯಾಗಿ ಕೇಳಬೇಕು. ಅವನು ಸದ್ಯಕ್ಕೆ ಸರಕು ತಲುಪಿಸುವ ಬೈಕ್ ಕೆಲಸ ಹಿಡಿದರೆ, ಅಂಥವರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಪ್ರತಿ ಬಾರಿ ಕೆಲಸಗಾರನಿಗೆ ಪಾವತಿಸುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕೆಂಬುದು ಅದರ ಆಶಯ.

ನಿಮ್ಮ ಸ್ವಂತ ವಿಷಯದಲ್ಲಿ ನನ್ನ ಸಲಹೆ ಒಂದೇ: ಯಂತ್ರ ನಿಮ್ಮದಾಗಲಿ. ಅಂಗಳದಲ್ಲಿ ಜೊತೆಗೆ ಕೂರುತ್ತಿದ್ದ ಹೆಂಗಸರಲ್ಲಿ ಹತ್ತು ಮಂದಿ ಈಗಾಗಲೇ ಸ್ವಸಹಾಯ ಸಂಘದಲ್ಲಿರಬಹುದು. ಸಂಘದ ಹೆಸರಿನಲ್ಲಿ ಒಂದು ಸುಲಿಯುವ ಯಂತ್ರ ಕೊಂಡು, ಊರಿನ ತೋಟಗಳಿಗೆ ಬಾಡಿಗೆಗೆ ಓಡಿಸಿದರೆ ಈಗ ಹೊರಗಿನವರಿಗೆ ಹೋಗುವ ಪಾಲು ನಿಮ್ಮಲ್ಲೇ ಉಳಿಯುತ್ತದೆ. ಕೃಷಿ ಯಾಂತ್ರೀಕರಣಕ್ಕೆ ಸರ್ಕಾರದ ಸಹಾಯಧನವಿದೆ. ಸಂಘಕ್ಕೆ ಎಷ್ಟು ಸಿಗುತ್ತದೆ, ಯಾವ ದಾಖಲೆ ಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲೂ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೂ ಕೇಳಿ. ಕೊಳ್ಳುವ ಮೊದಲು ಎರಡು ವಿಷಯ ನೋಡಿ: ಯಂತ್ರ ಕೆಟ್ಟರೆ ಸುಗ್ಗಿಯ ನಡುವೆ ರಿಪೇರಿಗೆ ಯಾರು ಬರುತ್ತಾರೆ, ಮತ್ತು ಸುಗ್ಗಿ ಮುಗಿದ ಮೇಲಿನ ಎಂಟು ತಿಂಗಳು ಸಾಲದ ಕಂತು ಎಲ್ಲಿಂದ ಕಟ್ಟುತ್ತೀರಿ. ಎರಡಕ್ಕೂ ಉತ್ತರ ಸಿಗದಿದ್ದರೆ ಸಾಲ ಮಾಡಬೇಡಿ. ಹಸಿ ಅಡಿಕೆಯ ಹದ, ಯಾವ ಕೊನೆಯಿಂದ ಯಾವ ಸರಕು ಬರುತ್ತದೆ ಎಂಬುದು ನಿಮ್ಮ ಕಣ್ಣಿಗೆ ಗೊತ್ತು. ಯಂತ್ರ ಓಡಿಸುವವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

ಮಗಳಿಗೆ ಏನು ಓದಿಸಿದರೆ ಯಂತ್ರ ಕಿತ್ತುಕೊಳ್ಳುವುದಿಲ್ಲ ಎಂದು ಖಾತ್ರಿಯಾಗಿ ಹೇಳುವವರನ್ನು ನಂಬಬೇಡಿ, ಅದರಲ್ಲೂ ಹಾಗೆ ಹೇಳಿ ಕೋರ್ಸ್‌ಗೆ ಶುಲ್ಕ ಕೇಳುವವರನ್ನು. 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್‌ನಂಥ ಮೇಧಾವಿಯೇ ನೂರು ವರ್ಷದಲ್ಲಿ ಜನ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ ಎಂದು ಊಹಿಸಿದ್ದ. ಉತ್ಪಾದನೆ ಅವನು ಊಹಿಸಿದಂತೆಯೇ ಬೆಳೆಯಿತು, ಬಿಡುವು ಮಾತ್ರ ಬರಲಿಲ್ಲ. ನನಗೆ ತೋಚುವುದಿಷ್ಟು. ದಿನವಿಡೀ ಒಂದೇ ಬಗೆಯ ಕೆಲಸವನ್ನು ಪರದೆಯ ಮೇಲೆ ಮಾಡಿಸುವ ಓದಿಗೆ ಅವಳನ್ನು ಹಾಕಬೇಡಿ. ಮನುಷ್ಯರ ಮೈ ಮುಟ್ಟಿ ನೋಡಬೇಕಾದ, ಒಂದೊಂದು ಮನೆಯಲ್ಲಿ ಒಂದೊಂದು ಬಗೆಯ ತೊಂದರೆಯನ್ನು ಸ್ಥಳದಲ್ಲೇ ನಿಂತು ಬಗೆಹರಿಸಬೇಕಾದ ಕೆಲಸಗಳು ಇನ್ನೂ ಬಹುಕಾಲ ಮನುಷ್ಯರ ಕೈಯಲ್ಲೇ ಇರುತ್ತವೆ: ನರ್ಸಿಂಗ್, ಫಿಸಿಯೋಥೆರಪಿ, ಪಶುವೈದ್ಯಕೀಯ ಡಿಪ್ಲೊಮಾ, ಸೌರಫಲಕ ಮತ್ತು ವಿದ್ಯುತ್ ಕೆಲಸದ ಐಟಿಐ. ಮಲೆನಾಡಿನ ಹಳ್ಳಿಗಳಲ್ಲಿ ಮಕ್ಕಳೆಲ್ಲ ನಗರಕ್ಕೆ ಹೋಗಿ ಮನೆಯಲ್ಲಿ ವಯಸ್ಸಾದವರೇ ಉಳಿದಿದ್ದಾರೆ, ಅವರನ್ನು ನೋಡಿಕೊಳ್ಳುವ ಕೈ ಇಲ್ಲ. ಆ ಕೆಲಸಕ್ಕೆ ನಾವು ಕೊಡುವ ಸಂಬಳವೂ ಮರ್ಯಾದೆಯೂ ನಾಚಿಕೆಯಾಗುವಷ್ಟು ಕಡಿಮೆ ಎಂಬುದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಅವಳಿಗೆ ಗಣಿತ ಇಷ್ಟವಿದ್ದರೆ ಹೆದರದೆ ಗಣಿತ ಓದಿಸಿ. ಇಷ್ಟಪಟ್ಟು ಆಳವಾಗಿ ಕಲಿತವರು ಹೊಸದನ್ನು ಬೇಗ ಕಲಿಯುತ್ತಾರೆ.

ಕೊನೆಯದಾಗಿ ಮಗನ ಬಾಕಿ. ಇದನ್ನು ತಡ ಮಾಡಬೇಡಿ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಸತತವಾಗಿ ದುಡಿದ ಕಾರ್ಮಿಕರನ್ನು ಅವರ ತಪ್ಪಿಲ್ಲದೆ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ವೇತನ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕೆಂದು ಕಾನೂನಿದೆ. ಗುಮಾಸ್ತಿಕೆಯ ಕೆಲಸಗಾರರಿಗೂ ಅದು ಅನ್ವಯಿಸುತ್ತದೆ. ಇದನ್ನು ತಪ್ಪಿಸಿಕೊಳ್ಳಲೆಂದೇ ಎಷ್ಟೋ ಕಚೇರಿಗಳು ‘ನೀವೇ ಬಿಟ್ಟು ಹೋಗುತ್ತಿದ್ದೇವೆ ಎಂದು ಬರೆದುಕೊಡಿ’ ಎಂದು ರಾಜೀನಾಮೆ ಬರೆಸಿಕೊಳ್ಳುತ್ತವೆ. ಅವನು ಸಹಿ ಹಾಕಿದ್ದಾನೆಯೇ ಎಂದು ಕೇಳಿ. ಹಾಕಿರದಿದ್ದರೆ ಹಾಕುವುದು ಬೇಡ, ಒತ್ತಾಯಕ್ಕೆ ಹಾಕಿದ್ದರೆ ಆ ವಿಷಯವನ್ನು ಈಗಲೇ ದಿನಾಂಕ ಸಹಿತ ಬರೆದಿಟ್ಟುಕೊಳ್ಳಲಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಕೆಲಸದಿಂದ ತೆಗೆದ ಬಗ್ಗೆ ಬಂದ ಇಮೇಲ್ ಅಥವಾ ವಾಟ್ಸ್‌ಆ್ಯಪ್ ಸಂದೇಶ ಎಲ್ಲದರ ಪ್ರತಿ ತೆಗೆದಿರಿಸಲಿ. ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ, ಕೆಲಸ ಕಳೆದುಕೊಂಡ ವಿಮಾದಾರರಿಗೆ ಸಿಗುವ ಪರಿಹಾರದ ಬಗ್ಗೆ ಇಎಸ್‌ಐ ಕಚೇರಿಯಲ್ಲಿ ವಿಚಾರಿಸಲಿ. ಪಿಎಫ್ ಹಣವನ್ನು ಆತುರಕ್ಕೆ ಪೂರ್ತಿ ತೆಗೆಯುವುದು ಬೇಡ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ಮುಂದಿನ ಕೆಲಸಕ್ಕೆ ವರ್ಗಾಯಿಸಿಕೊಂಡರೆ ಈ ಮೂರು ವರ್ಷವೂ ಲೆಕ್ಕಕ್ಕೆ ಬರುತ್ತದೆ. ಕಚೇರಿಯವರು ಬಾಕಿ ಕೊಡದಿದ್ದರೆ ಆ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಗೆ ಜೊತೆಯವರೆಲ್ಲ ಸೇರಿ ಒಂದೇ ದೂರು ಕೊಡಲಿ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿದರೆ ಉಚಿತ ಕಾನೂನು ನೆರವಿಗೆ ಅರ್ಜಿ ಹಾಕುವುದು ಹೇಗೆಂದು ತಿಳಿಸುತ್ತಾರೆ.